ಬದಲಾವಣೆಗೆ ಮುನ್ನ

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ಬಸ್ ಚಾಲಕ ದೂರು ಬರೆಸುವ ಮೊದಲೇ ಬೈಯಲು ಶುರು ಮಾಡಿದ. ಡ್ಯೂಟಿಯ ಅಂಗಿ ಬದಲಾಯಿಸಲೂ ಅವನಿಗೆ ಪುರಸೊತ್ತಾಗಿರಲಿಲ್ಲ.

"ನನ್ನ ತಂಗಿಯ ಎರಡೂ ಕಿಡ್ನಿ ಹೋಗಿದೆ ಮೇಡಂ. ರಿಪೋರ್ಟ್ ಕಳಿಸದೆ ಸುಮ್ಮನೆ ಕೂತಿದ್ದಳಲ್ಲ ಆ ಲ್ಯಾಬಿನ ಹೆಂಗಸು, ಅವಳನ್ನ ಒಳಗೆ ಹಾಕಿ."

ಇನ್ಸ್‌ಪೆಕ್ಟರ್ ಮೇಡಂ ನೀರು ಕೊಡಿಸಿ, ಕೂರಿಸಿ, ಒಂದೊಂದಾಗಿ ಕೇಳಿದರು. ತಂಗಿ ಶಾಲೆಯಲ್ಲಿ ಟೀಚರ್. ಹಿಂದಿನ ತಿಂಗಳು ಇಪ್ಪತ್ಮೂರಕ್ಕೆ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ರಕ್ತ ಕೊಟ್ಟಿದ್ದಳು. ರಕ್ತ ಲ್ಯಾಬಿಗೆ ಹೋಗುತ್ತದೆ, ಲ್ಯಾಬಿನಿಂದ ವರದಿ ಕ್ಲಿನಿಕ್‌ಗೆ ಇಮೇಲ್‌ನಲ್ಲಿ ಬರುತ್ತದೆ. 'ಏನಾದರೂ ಇದ್ದರೆ ನಾವೇ ಫೋನ್ ಮಾಡ್ತೀವಿ' ಎಂದಿದ್ದರು ಕ್ಲಿನಿಕ್‌ನವರು. ಫೋನ್ ಬರಲಿಲ್ಲ. ಏನೂ ಇಲ್ಲವೆಂದು ನಂಬಿ ಆಕೆ ಪಾಠ ಮಾಡಿಕೊಂಡಿದ್ದಳು. ಈ ತಿಂಗಳ ಹನ್ನೊಂದನೇ ತಾರೀಕು ತರಗತಿಯಲ್ಲೇ ಕುಸಿದು ಬಿದ್ದಳು.

"ವಾರದೊಳಗೆ ಬಂದಿದ್ರೆ ಉಳಿಸಬಹುದಿತ್ತು ಅಂದ್ರು ದೊಡ್ಡಾಸ್ಪತ್ರೆ ಡಾಕ್ಟ್ರು. ವಾರದೊಳಗೆ! ಇದ್ದದ್ದು ಹತ್ತೊಂಬತ್ತು ದಿನ."

ಹನ್ನೊಂದು ಇಪ್ಪತ್ತಕ್ಕೆ ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ ಲ್ಯಾಬಿನ ರವಾನೆ ಗುಮಾಸ್ತೆ. ಅಪರಾಧ, ಮನುಷ್ಯನ ಜೀವಕ್ಕೆ ಕುತ್ತು ತಂದ ನಿರ್ಲಕ್ಷ್ಯ. ಸಾಬೀತಾದರೆ ಆಕೆಗೆ ಜೈಲು ಗ್ಯಾರಂಟಿ.

ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಕೆಮ್ಮಿದರು ಎಲ್ಲವನ್ನೂ ಜೇಬಿನ ಪುಸ್ತಕದಲ್ಲಿ ಗುರುತು ಹಾಕುವ ಚಟ ಆತನಿಗೆ. ಜೊತೆಯವರು ಆಡಿಕೊಂಡು ನಗುತ್ತಿದ್ದರು. ಅವನನ್ನೇ ಕರೆದುಕೊಂಡು ಮೇಡಂ ಲ್ಯಾಬಿಗೆ ಹೋದರು.

ಲ್ಯಾಬಿನ ಯಜಮಾನರು ಬಾಗಿಲಲ್ಲೇ ಕಾದಿದ್ದರು, ಕೈಯಲ್ಲಿ ಸಿದ್ಧವಾದ ಪತ್ರ. ಗುಮಾಸ್ತೆಯನ್ನು ಹನ್ನೆರಡನೇ ತಾರೀಕೇ ಕೆಲಸದಿಂದ ಅಮಾನತು ಮಾಡಿದ್ದೇವೆ, ಸಂಸ್ಥೆಯ ತಪ್ಪೇನೂ ಇಲ್ಲ, ಪೂರ್ಣ ಸಹಕಾರ ಕೊಡುತ್ತೇವೆ ಎಂದು ಅದರಲ್ಲಿತ್ತು. ಹಾಸಿಗೆ ಹಿಡಿದ ಟೀಚರ್ ಬಗ್ಗೆ ಒಂದು ಅಕ್ಷರವಿಲ್ಲ. ಮೇಡಂಗೆ ಆಗಲೇ ಬಾಯಿ ಕಹಿಯಾಯಿತು.

"ಕ್ಲಿನಿಕ್‌ನವರು ವರದಿ ಬಂದಿಲ್ಲ ಅಂತ ಫೋನ್ ಮಾಡಿರಲಿಲ್ವಾ?"

"ಎರಡು ಸಲ ಮಾಡಿದ್ರು. ಇನ್ನೊಂದ್ಸಲ ಕಳಿಸು ಅಂತ ಅವಳಿಗೆ ಹೇಳಿದೆ."

"ಕಂಪ್ಯೂಟರ್ ಕೆಟ್ಟಿರಬಹುದು ಅಂತ ಅನ್ನಿಸಲಿಲ್ವಾ?"

"ಅಯ್ಯೋ, ಎಂಟು ತಿಂಗಳಾಯ್ತು ಮೇಡಂ ಮೇಲ್ ಸರ್ವರ್ ಹೊಸದು ಮಾಡಿಸಿ. ಅದು ಚೆನ್ನಾಗೇ ಇದೆ. ಇರಿ, ಅದನ್ನ ನೋಡಿಕೊಳ್ಳೋರನ್ನೇ ಕರೆಸ್ತೀನಿ."

ಪೊಲೀಸರು ಬಂದಿದ್ದಾರೆ, ರವಾನೆಯಾದ ವರದಿಗಳನ್ನು ನೋಡಬೇಕಂತೆ ಎಂದು ಯಜಮಾನರು ಅವರೆದುರಿಗೇ ಫೋನ್ ಮಾಡಿದರು. ಗಡಿಯಾರ ಅಭ್ಯಾಸಬಲದಿಂದ ಬರೆದುಕೊಂಡ: ಹನ್ನೊಂದು ಐವತ್ತೈದು.

ಸರ್ವರ್ ನೋಡಿಕೊಳ್ಳುವ ಕಂಪ್ಯೂಟರ್ ಸಲಹೆಗಾರ ಹನ್ನೆರಡು ನಲವತ್ತಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ಹತ್ತಾರು ಕಚೇರಿಗಳ ಇಮೇಲ್ ಸರ್ವರ್ ಹಾಕಿಕೊಡುವುದು, ಹಳತಾದರೆ ಹೊಸದು ಮಾಡುವುದು, ಕೆಟ್ಟರೆ ಸರಿಪಡಿಸುವುದು ಅವನ ಕಸುಬು. ಮೆಟ್ಟಿಲಡಿಯ ಕೋಣೆಯಲ್ಲಿ ಸರ್ವರ್ ಗುಂಯ್ ಎನ್ನುತ್ತಿತ್ತು. ಜೇಬಿನಿಂದ ಬಟ್ಟೆ ತೆಗೆದು ಕೀಲಿಮಣೆ ಒರೆಸಿ, ಆಮೇಲಷ್ಟೇ ಮುಟ್ಟಿದ. ಗುಮಾಸ್ತೆಯ 'ಕಳುಹಿಸಿದ್ದು' ಪೆಟ್ಟಿಗೆ ತೆರೆದ. ಟೀಚರ್ ರಕ್ತ ಕೊಟ್ಟ ದಿನದಿಂದ ಈಚೆಗೆ ಆ ಕ್ಲಿನಿಕ್‌ನ ಹೆಸರಿಗೆ ಒಂದೇ ಒಂದು ಮೇಲ್ ಇರಲಿಲ್ಲ.

"ಆಯಮ್ಮ ಕಳಿಸೇ ಇಲ್ಲ ಮೇಡಂ. ಪಾಪ, ಕೆಲಸದ ಒತ್ತಡ ಇರುತ್ತೆ."

"ಸರ್ವರ್‌ಗೆ ನೀವು ಕೊನೆ ಸಲ ಕೈ ಹಾಕಿದ್ದು ಯಾವಾಗ?"

"ಎಂಟು ತಿಂಗಳ ಹಿಂದೆ, ಅಪ್‌ಗ್ರೇಡ್ ಮಾಡಿದ ದಿನ. ಆಮೇಲೆ ಮುಟ್ಟೋ ಪ್ರಮೇಯವೇ ಬಂದಿಲ್ಲ. ನನ್ನ ಕೆಲಸ ಅಷ್ಟು ಗಟ್ಟಿ." ಆಮೇಲೆ ಯಾರೂ ಕೇಳದಿದ್ದರೂ ಸೇರಿಸಿದ: "ಇದ್ದದ್ದನ್ನ ಇದ್ದ ಹಾಗೆ ನಕಲು ತೆಗೆದಿಡದೆ, ಅಂದ್ರೆ ಬ್ಯಾಕಪ್ ಮಾಡದೆ, ನಾನು ಒಂದಕ್ಷರ ಬದಲಾಯಿಸೋನಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಈ ನಿಯಮ ತಪ್ಪಿಲ್ಲ."

ಮಧ್ಯಾಹ್ನ ಮೂರಕ್ಕೆ ಗುಮಾಸ್ತೆ ಠಾಣೆಗೆ ಬಂದಳು. ನಲವತ್ತರ ಹೆಂಗಸು, ಎದೆಗೆ ಒಂದು ರಟ್ಟಿನ ಪುಸ್ತಕ ಅವುಚಿಕೊಂಡಿದ್ದಳು. ಹೊರಗಿನ ಬೆಂಚಿನಲ್ಲಿದ್ದ ಬಸ್ ಚಾಲಕ ಅವಳನ್ನು ಕಂಡದ್ದೇ ಎದ್ದು ಬಾಯಿಗೆ ಬಂದ ಹಾಗೆ ಬೈದ. ನಿನ್ನ ಮನೆ ಹಾಳಾಗ ಎಂದ. ಇನ್ನೂ ಹೊಲಸಾದ ಮಾತೊಂದನ್ನು ಅಂದ. ಆಕೆ ನೇರ ಒಳಗೆ ಬಂದು ಮೇಡಂ ಎದುರು ಪುಸ್ತಕ ಇಟ್ಟಳು.

"ಮೂರು ಸಲ ಕಳಿಸಿದೀನಿ ಮೇಡಂ. ಇಪ್ಪತ್ನಾಲ್ಕು, ಇಪ್ಪತ್ತೊಂಬತ್ತು, ನಾಲ್ಕು. ಕಳುಹಿಸಲಾಗಿದೆ ಅಂತಲೇ ಪ್ರತಿ ಸಲ ಬಂತು. ಇಲ್ಲಿ ಬರೆದಿದೀನಿ ನೋಡಿ."

ಪುಸ್ತಕದಲ್ಲಿ ದಿನಾಂಕ, ವೇಳೆ, ರೋಗಿಯ ಸಂಖ್ಯೆ ಎಲ್ಲ ಇತ್ತು, ಟೀಚರ್ ಸಾಲಿನ ಪಕ್ಕ 'ತುರ್ತು' ಎಂಬ ಗುರುತೂ. ಗಡಿಯಾರ ಪುಟ ತಿರುವುತ್ತ ಸಂಬಂಧಿಕರು ಸಿಕ್ಕಷ್ಟು ಖುಷಿಪಟ್ಟ.

"ತುರ್ತು ಅಂತ ಇತ್ತಲ್ಲಮ್ಮ, ಒಂದು ಫೋನ್ ಮಾಡಬಾರದಿತ್ತಾ?" ಎಂದರು ಮೇಡಂ.

ಆಕೆಯ ದನಿ ಅಲ್ಲಿ ಒಡೆಯಿತು. "ಫೋನ್ ಮಾಡಕೂಡದು ಅಂತ ಯಜಮಾನರ ರೂಲ್ಸು. ಮೇಲ್ ಕಳಿಸಿದ್ರೆ ಸಾಕ್ಷಿ ಇರುತ್ತೆ, ಫೋನ್‌ಗೆ ಇರಲ್ಲ ಅಂತಾರೆ. ಆದ್ರೂ ಮಾಡಬೇಕಿತ್ತು. ಮಾಡಬೇಕಿತ್ತು ಮೇಡಂ."

ಪುಸ್ತಕ ಆಮೇಲೆ ಬರೆದದ್ದು, ಕಟ್ಟುಕತೆ ಎಂದು ಯಜಮಾನರು ಫೋನಿನಲ್ಲೇ ತಳ್ಳಿಹಾಕಿದರು. ಒಟ್ಟಿನಲ್ಲಿ ಯಾರ ತಲೆ ಮೇಲಾದರೂ ಗೂಬೆ ಕೂರಿಸಬೇಕಿತ್ತು ಅವರಿಗೆ, ಕೈಗೆ ಹತ್ತಿರ ಸಿಕ್ಕಿದ್ದು ಗುಮಾಸ್ತೆಯ ತಲೆ.

ಹದಿನೈದರಂದು ಸೈಬರ್ ವಿಭಾಗದ ತಜ್ಞೆ ಬಂದು ಮೆಟ್ಟಿಲಡಿಯ ಕೋಣೆಯಲ್ಲಿ ಆರು ಗಂಟೆ ಕೂತಳು. ಹೊರಗೆ ಬಂದು ಹೇಳಿದ್ದು ಇಷ್ಟು.

"ಗುಮಾಸ್ತೆ ಆ ಕ್ಲಿನಿಕ್‌ಗೆ ಕಳಿಸಿದ ಮೇಲ್‌ಗಳು ಇದ್ವು ಮೇಡಂ, ಅಳಿಸಿದಾರೆ. ನಿನ್ನೆ ಹನ್ನೆರಡು ಹತ್ತಕ್ಕೆ. ಹೊರಗಡೆಯಿಂದ, ಮುಖ್ಯ ಪಾಸ್‌ವರ್ಡ್ ಹಾಕಿ."

ಗಡಿಯಾರ ಪುಸ್ತಕ ತೆಗೆದ. ಫೋನ್ ಹೋದದ್ದು ಹನ್ನೊಂದು ಐವತ್ತೈದಕ್ಕೆ. ನಡುವೆ ಹದಿನೈದು ನಿಮಿಷ. ಆ ದಿನದಿಂದ ಅವನ ಚಟವನ್ನು ಯಾರೂ ಆಡಿಕೊಳ್ಳಲಿಲ್ಲ.

"ಮುಖ್ಯ ಪಾಸ್‌ವರ್ಡ್ ಯಾರ ಹತ್ರ ಇದೆ?" ಯಜಮಾನರನ್ನು ಕೇಳಿದರು ಮೇಡಂ.

"ಅವರೊಬ್ಬರ ಹತ್ರವೇ. ನಂಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ? ಮನೆ ಬೀಗದ ಕೈ ಕೊಟ್ಟ ಹಾಗೆ ಕೊಟ್ಟುಬಿಟ್ಟಿದೀನಿ."

ಹದಿನಾರರಂದು ಎರಡೂವರೆಗೆ, ಶೋಧನಾ ವಾರಂಟ್ ಹಿಡಿದು, ಇಬ್ಬರು ಪಂಚರೊಂದಿಗೆ ಸಲಹೆಗಾರನ ಕಚೇರಿಗೆ ಹೋದರು. ಕನ್ನಡಿಯ ಹಾಗೆ ಒರೆಸಿದ ಕೋಣೆ. ಗೋಡೆ ತುಂಬ ಕಂಪನಿಗಳು ಕೊಟ್ಟ ಮೆಚ್ಚುಗೆಯ ಪತ್ರಗಳು. ಮೂಲೆಯ ಕಬ್ಬಿಣದ ಬೀರುವಿನಲ್ಲಿ ಹಾರ್ಡ್ ಡಿಸ್ಕ್‌ಗಳ ಸಾಲು, ಪ್ರತಿಯೊಂದಕ್ಕೂ ಮುತ್ತಿನಂಥ ಅಕ್ಷರದ ಚೀಟಿ.

ಗಡಿಯಾರ ಮಂಡಿಯೂರಿ ಚೀಟಿ ಓದತೊಡಗಿದ. ಹತ್ತು ನಿಮಿಷವಾದ ಮೇಲೆ, "ಮೇಡಂ" ಎಂದ.

ಮೂರು ಡಿಸ್ಕ್ ಕೈಗೆ ಬಂತು. 'ಲ್ಯಾಬ್. ಹಿಂದಿನ ತಿಂಗಳ ಇಪ್ಪತ್ತು. ಬದಲಾವಣೆಗೆ ಮುನ್ನ.' 'ಲ್ಯಾಬ್. ಅದೇ ದಿನ. ಬದಲಾವಣೆಯ ನಂತರ.' ಮೂರನೆಯದು, 'ಲ್ಯಾಬ್. ಈ ತಿಂಗಳ ಹದಿನಾಲ್ಕು, ಹನ್ನೆರಡು ಗಂಟೆ. ಬದಲಾವಣೆಗೆ ಮುನ್ನ.'

ಅಳಿಸುವ ಮೊದಲೂ ನಕಲು ತೆಗೆದಿಟ್ಟಿದ್ದ ಪುಣ್ಯಾತ್ಮ! ಪೊಲೀಸರು ಲ್ಯಾಬಿನಲ್ಲಿ ಕೂತಿದ್ದಾರೆಂದು ಗೊತ್ತಿದ್ದೂ, ಹನ್ನೊಂದು ವರ್ಷದ ನಿಯಮ ಮುರಿಯಲು ಅವನ ಕೈ ಬಂದಿರಲಿಲ್ಲ.

"ಎಂಟು ತಿಂಗಳಿಂದ ಮುಟ್ಟೇ ಇಲ್ಲ ಅಂದ್ರಲ್ಲ," ಎಂದರು ಮೇಡಂ. "ಏನಿದು ಬದಲಾವಣೆ?"

ಅವನು ಕುರ್ಚಿ ಎಳೆದುಕೊಂಡು ಕೂತ. ಮೇಜಿನ ಮೇಲಿಲ್ಲದ ಧೂಳನ್ನು ಒರೆಸಿದ.

ತಜ್ಞೆ ಪಂಚರ ಸಮಕ್ಷಮ ಡಿಸ್ಕ್‌ಗಳ ನಕಲು ಮಾಡಿಕೊಂಡು, ಆ ನಕಲನ್ನು ತೆರೆದಳು. ಇಪ್ಪತ್ತನೇ ತಾರೀಕು ಅವನು ಹೊರಗಿನಿಂದಲೇ ಒಂದು ಆಜ್ಞೆ ಸೇರಿಸಿದ್ದ. ಆ ಕ್ಲಿನಿಕ್‌ಗೆ ಹೋಗುವ ಮೇಲ್‌ಗಳು ಸದ್ದಿಲ್ಲದೆ ಪಕ್ಕದ ಗುಪ್ತ ಪೆಟ್ಟಿಗೆಗೆ ಬೀಳಬೇಕು, ಕಳಿಸಿದವರಿಗೆ ಮಾತ್ರ 'ಕಳುಹಿಸಲಾಗಿದೆ' ಎಂದು ಕಾಣಬೇಕು. ಹದಿನಾಲ್ಕರ ಡಿಸ್ಕ್‌ನಲ್ಲಿ, ಆ ಪೆಟ್ಟಿಗೆಯೊಳಗೆ ನಲವತ್ತೊಂದು ಮೇಲ್ ಇದ್ದವು. ಟೀಚರ್ ವರದಿ ಮೂರು ಸಲ ಇತ್ತು, ರಟ್ಟಿನ ಪುಸ್ತಕದ ದಿನಾಂಕ, ವೇಳೆಗೆ ಸರಿಯಾಗಿ. ನಲವತ್ತು ಮೇಲ್‌ಗಳನ್ನು ಯಾರೂ ತೆರೆದಿರಲಿಲ್ಲ. ಒಂದನ್ನು ಮಾತ್ರ, ಟೀಚರ್‌ನ ಮೊದಲನೇ ವರದಿಯನ್ನು, ಇಪ್ಪತ್ತೈದನೇ ತಾರೀಕು ತೆರೆದಿದ್ದರು.

ಮೇಡಂ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕೊಳೆತ ಹೆಣ ನೋಡಿದ್ದಾರೆ, ಆಗಲೂ ಅವರಿಗೆ ಇಷ್ಟು ಹೇಸಿಗೆ ಆಗಿರಲಿಲ್ಲ. ಆ ಶುಭ್ರ ಕೋಣೆಯಲ್ಲಿ, ಲಾವಂಚದ ವಾಸನೆಯ ನಡುವೆ, ಅವರಿಗೆ ಉಗಿಯಬೇಕೆನಿಸಿತು.

"ಓದಿದ್ರಾ?"

"ಓದಿದೆ."

"ಅರ್ಥ ಆಯ್ತಾ?"

"ಮೇಲೆ ತುರ್ತು ಅಂತ ಕೆಂಪಕ್ಷರದಲ್ಲಿತ್ತು."

"ಅದೊಂದನ್ನಾದ್ರೂ ಬಿಡಬಹುದಿತ್ತಲ್ಲ?"

"ಒಂದು ಬಿಟ್ರೆ, ಬಾಕಿಯವು ಯಾಕೆ ನಿಂತವು ಅಂತ ಪ್ರಶ್ನೆ ಬರ್ತಿತ್ತು. ಲ್ಯಾಬಿನೋರು ನಾಳೆ ಕರೀತಾರೆ, ನಾಳೆ ಕರೀತಾರೆ ಅಂತ ಕಾಯ್ತಿದ್ದೆ ಮೇಡಂ. ಕರೆದಿದ್ರೆ ಹತ್ತು ನಿಮಿಷದ ಕೆಲಸ. ಎಲ್ಲಾ ಮೇಲ್ ಹೋಗ್ಬಿಡ್ತಿತ್ತು."

"ಕರೀಲಿ ಅಂತ ಮಾಡಿದ್ದಾ?"

ಅವನು ಹೌದೆಂದು ತಲೆಯಾಡಿಸಿದ. "ಒಂದೇ ಒಂದು ಕ್ಲಿನಿಕ್‌ಗೆ ಒಂದು ಸಣ್ಣ ತೊಂದರೆ ಅಷ್ಟೇ. ಯಾರಿಗೂ ಕೇಡು ಬಯಸಿಲ್ಲ. ಏನನ್ನೂ ಕಳೆದೂ ಇಲ್ಲ, ನೋಡಿ, ಎಲ್ಲಾ ಭದ್ರವಾಗಿದೆ."

"ಥೂ!" ಎಂದ ಗಡಿಯಾರ. ಪಂಚರೆದುರು ಹಾಗೆನ್ನಬಾರದಿತ್ತು. ಮೇಡಂ ಗದರಲಿಲ್ಲ.

ಪಂಚನಾಮೆಗೆ ಸಹಿಯಾದದ್ದು ಸಂಜೆ ನಾಲ್ಕಕ್ಕೆ, ಬಂಧನ ನಾಲ್ಕು ಹದಿನೈದಕ್ಕೆ. ಗುಮಾಸ್ತೆಯ ಹೆಸರನ್ನು ಆರೋಪದಿಂದ ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಅದೇ ದಿನ ಹೋಯಿತು. ಯಜಮಾನರು ಫೋನ್ ಮಾಡಿ, ಆಕೆ ನಾಳೆಯಿಂದಲೇ ಕೆಲಸಕ್ಕೆ ಬರಬಹುದು ಎಂದರು, ದೊಡ್ಡ ಉಪಕಾರ ಮಾಡುವವರ ಹಾಗೆ.

ಹದಿನೇಳರ ಬೆಳಿಗ್ಗೆ ಆಕೆ ಠಾಣೆಗೆ ಬಂದಳು. ಪುಸ್ತಕ ಸಾಕ್ಷಿಗೆ ಬೇಕಾದ್ದರಿಂದ ಅದರ ನಕಲು ಕೊಡಿಸಿದರು. ಬೆಂಚಿನ ಮೇಲಿದ್ದ ಬಸ್ ಚಾಲಕ ಎದ್ದು ನಿಂತ. ಬೆಂಚಿನಲ್ಲಿ ಆಕೆಗೆ ಜಾಗ ತೋರಿಸಿದ.

"ನಿಮ್ಮ ತಂಗಿ ಹೇಗಿದಾರೆ ಅಣ್ಣಾ?" ಎಂದಳು ಆಕೆ.

"ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂತೆ. ಸಾಯೋ ತನಕ." ಅವನು ನೆಲ ನೋಡುತ್ತ ನಿಂತ. "ಮೊನ್ನೆ ನಾನು ಅಂದ ಮಾತು ತಾಯೀ..."

"ಬಿಡಿ." ಆಕೆ ನಕಲಿನ ಹಾಳೆ ಮಡಚಿದಳು. "ಇದರಲ್ಲಿ ಇನ್ನೂ ಮೂವತ್ತೆಂಟು ಜನರ ರಿಪೋರ್ಟ್ ಇದೆ. ಎಲ್ಲರಿಗೂ ಫೋನ್ ಮಾಡಬೇಕು. ಈಗ ರೂಲ್ಸ್ ಕೇಳ್ಕೊಂಡು ಕೂರಲ್ಲ ನಾನು."

ಹೇಳಿಕೆ ಬರೆಸುವಾಗ ಸಲಹೆಗಾರ ತಾನಾಗಿಯೇ ಎಲ್ಲ ಹೇಳಿದ. ಹಿಂದೆ ಆ ಲ್ಯಾಬಿನಲ್ಲಿ ಮೇಲ್ ನಿಂತರೆ ಕಚೇರಿಯೇ ಎದ್ದು ನಿಲ್ಲುತ್ತಿತ್ತು. ಅವನಿಗೆ ಕುರ್ಚಿ, ಚಹಾ. ನೀವಿಲ್ಲದಿದ್ದರೆ ನಮ್ಮ ಗತಿ ಏನು ಎಂಬ ಮಾತು. ಕೊನೆಯ ಅಪ್‌ಗ್ರೇಡನ್ನು ಅವನು ಎಷ್ಟು ಚೆನ್ನಾಗಿ ಮಾಡಿದನೆಂದರೆ, ಎಂಟು ತಿಂಗಳು ಯಾರೂ ಅವನನ್ನು ಕರೆಯಲಿಲ್ಲ. ಒಮ್ಮೆ ಸುಮ್ಮನೆ ಹೋಗಿಬಂದಾಗ ಬಾಗಿಲಿನವನು 'ಯಾರು ಬೇಕಿತ್ತು?' ಎಂದು ಕೇಳಿದ್ದ. ಅದು ಹಿಂದಿನ ತಿಂಗಳ ಹತ್ತೊಂಬತ್ತನೇ ತಾರೀಕು. ಮರುದಿನವೇ ಅವನು ಆ ಬದಲಾವಣೆ ಮಾಡಿದ್ದ.

ಕೋರ್ಟಿಗೆ ಹೊರಡುವ ಮುನ್ನ ಮೇಡಂ ಲಾಕಪ್ ಮುಂದೆ ಹಾದುಹೋದರು. ಅವನು ಸರಳುಗಳ ಹತ್ತಿರ ಬಂದ.

"ಮೇಡಂ, ಅಲ್ಲಿ ಸರ್ವರ್ ಈಗ ಯಾರು ನೋಡ್ತಿದಾರೆ? ನನ್ನನ್ನೇನಾದ್ರೂ ಕೇಳಿದ್ರಾ?"

"ಇಲ್ಲ. ಅದು ಚೆನ್ನಾಗಿ ನಡೀತಿದೆಯಂತೆ. ಯಾರೂ ಕೇಳಿಲ್ಲ."

ಅವನು ಬಟ್ಟೆಗಾಗಿ ಜೇಬು ತಡವಿದ. ಅದನ್ನೂ ಜಪ್ತಿ ಮಾಡಿದ್ದರು. ಗಡಿಯಾರ ವೇಳೆ ಬರೆದುಕೊಂಡ, ಹನ್ನೊಂದು ಇಪ್ಪತ್ತು. ಮೇಡಂ ಹಿತ್ತಲಿನ ನಲ್ಲಿಗೆ ಹೋಗಿ ಸೋಪು ಹಾಕಿ ಎರಡು ಸಲ ಕೈ ತೊಳೆದುಕೊಂಡರು.