ಹುರಿದ ಮರಳು

ನವೆಂಬರ್ ಹದಿನಾಲ್ಕರ ಬೆಳಿಗ್ಗೆ ಒಂಬತ್ತಕ್ಕೆ ಬೆಟ್ಟದ ರೈಲಿನ ಸ್ಟೇಷನ್ ಮಾಸ್ಟರ್ ಠಾಣೆಯ ಮೆಟ್ಟಿಲು ಹತ್ತಿದಾಗ ಟೋಪಿ ಕೈಯಲ್ಲಿತ್ತು, ಜೀವ ಬಾಯಿಗೆ ಬಂದಿತ್ತು.

"ಟೋಕನ್ ಕಳುವಾಗಿದೆ ಮೇಡಂ."

ಇನ್ಸ್‌ಪೆಕ್ಟರ್ ಈ ಠಾಣೆಗೆ ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. "ಒಂದು ಟೋಕನ್‌ಗೆ ಇಷ್ಟೊಂದು ಗಾಬರಿಯಾ?" ಎಂದಳು.

ಅದು ಮೊಳದುದ್ದದ ಹಿತ್ತಾಳೆ ಕೋಲು. ಮೇಲಿನ ನಿಲ್ದಾಣದಿಂದ ಕೆಳಗಿನದಕ್ಕೆ ಇರುವುದು ಎರಡಡಿ ಅಗಲದ ಒಂದೇ ಹಳಿ. ಕೋಲೂ ಒಂದೇ. ಡ್ರೈವರ್ ಕೈಯಲ್ಲಿ ಅದಿದ್ದರೆ ಎದುರಿನಿಂದ ಇನ್ನೊಂದು ರೈಲು ಬರುತ್ತಿಲ್ಲವೆಂದು ಖಾತ್ರಿ. ಹಳಿ ಹಾಕಿ ನೂರು ವರ್ಷವಾದರೂ ಕೋಲಿಲ್ಲದೆ ಒಂದು ಗಾಲಿಯೂ ಉರುಳಿಲ್ಲ. ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇತ್ತೆಂದು ಅಜ್ಜಿ ಹೇಳುತ್ತಿದ್ದುದು ಇನ್ಸ್‌ಪೆಕ್ಟರಿಗೆ ನೆನಪಾಯಿತು. ಈ ರೈಲಿನ ಜೀವವೂ ಹಾಗೆಯೇ ಎಲ್ಲೋ ಹೊರಗಿಟ್ಟದ್ದು.

"ಈಗ ರೈಲು?"

"ನಿಂತಿದೆ. ಕೆಳಗಿಂದ ಸಾಹೇಬರ ಲಿಖಿತ ಅಪ್ಪಣೆ ಬರುತ್ತೆ. ಎರಡು ಗಂಟೆಗೆ ಬಿಡ್ತೀವಿ."

ಅಪರಿಚಿತ ಆರೋಪಿಯ ವಿರುದ್ಧ ಎಫ್ಐಆರ್ ದಾಖಲಾಯಿತು.

ನಿಲ್ದಾಣದಲ್ಲಿ ಮಂಜು ಹತ್ತಿ ತುರುಕಿದಂತೆ ಕವಿದಿತ್ತು. ಹೊರಗೆ ಬಾಡಿಗೆ ಜೀಪಿನವರು ಸಾಲಾಗಿ ನಿಂತಿದ್ದರು. ಇನ್ಸ್‌ಪೆಕ್ಟರ್ ಜೊತೆ ಬಂದಿದ್ದ ದಫೇದಾರ್ ಅವಳ ಕಿವಿಯ ಬಳಿ ಬಗ್ಗಿದ. "ರೈಲು ನಿಂತ್ರೆ ಇವ್ರಿಗೇ ಸುಗ್ಗಿ ಮೇಡಂ."

"ಸುಗ್ಗಿನಾ?" ಒಬ್ಬ ಜೀಪಿನವನು ಕೇಳಿಸಿಕೊಂಡ. "ಈ ಮಂಜಲ್ಲಿ ನನ್ ಮೂಗೇ ನಂಗೆ ಕಾಣ್ತಿಲ್ಲ. ಬೆಳಿಗ್ಗೆಯಿಂದ ಬೋಣಿ ಆಗಿಲ್ಲ ಸ್ವಾಮಿ, ನೀವೇ ಹತ್ತಿ ಬೇಕಾದ್ರೆ."

ಕೂಲಿಯವನನ್ನೂ ಟಿಕೆಟ್ ಕೊಡುವವನನ್ನೂ ಪಂಚರಾಗಿ ಇಟ್ಟುಕೊಂಡು ಪಂಚನಾಮೆ ಶುರುವಾಯಿತು. ಎಂಟು ಗಂಟೆಗೆ ಕೋಲು ಗೋಡೆಯ ಮೊಳೆಯಲ್ಲಿತ್ತು. ಸ್ಟೇಷನ್ ಮಾಸ್ಟರ್ ಪಕ್ಕದ ಕೋಣೆಗೆ ಫೋನಿಗೆಂದು ಹೋಗಿ ಬರುವಷ್ಟರಲ್ಲಿ ಮಾಯ.

"ಯಾರು ಬಂದಿದ್ರು?"

"ಹೊರಗಿನವರು ಯಾರೂ ಇಲ್ಲ. ಎಲ್ಲ ನಮ್ಮವರೇ."

ಬೀರು, ಡಬ್ಬಿಗಳ ಸೀಟಿನಡಿ, ಕಲ್ಲಿದ್ದಲ ರಾಶಿ, ನೀರಿನ ತೊಟ್ಟಿ ಎಲ್ಲವನ್ನೂ ಜಾಲಾಡಿ ಆಗಿತ್ತು. ಇನ್ಸ್‌ಪೆಕ್ಟರ್ ಪ್ಲಾಟ್‌ಫಾರಂ ತುದಿಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯ ಮುಂದೆ ನಿಂತಳು.

"ಇದ್ರಲ್ಲೇನಿದೆ?"

"ಮರಳು. ಇಳಿಜಾರಲ್ಲಿ ಗಾಲಿ ಜಾರಬಾರದು ಅಂತ ಹಳಿ ಮೇಲೆ ಉದುರಿಸ್ತೀವಿ."

"ಹುಡುಕಿದ್ರಾ?"

"ತುಂಬಿಟ್ಟ ಮೇಲೆ ರೈಲು ಹೊರಡುವಾಗ ಮಾತ್ರ ತೆರೆಯೋದು ಮೇಡಂ." ಸ್ಟೇಷನ್ ಮಾಸ್ಟರ್ ಸಹಜವಾಗಿಯೇ ಹೇಳಿದರು. "ಇವತ್ತು ರೈಲೇ ಹೊರಟಿಲ್ಲವಲ್ಲ."

ಅವಳು ಮುಚ್ಚಳ ತೆರೆದು, ಅಂಗಿಯ ತೋಳು ಮಡಚಿ ಕೈ ಹಾಕಿದಳು. ಮರಳು ಒಳಗೆ ಇನ್ನೂ ಬೆಚ್ಚಗಿತ್ತು. ಬೆರಳಿಗೆ ಹಿತ್ತಾಳೆ ತಾಕಿತು.

ಒದ್ದೆ ಮರಳು ಇಂಜಿನ್ನಿನಿಂದ ಹಳಿಗೆ ಉದುರಿಸುವ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ದಿನವೂ ಅದನ್ನು ಹುರಿದು, ಜರಡಿ ಹಿಡಿದು ತುಂಬಬೇಕು. ಆ ಕೆಲಸ ಕೊನೆಯ ಡಬ್ಬಿಯ ಬ್ರೇಕಿನವನ ಹೆಂಡತಿಯದು. ನಿಲ್ದಾಣದವರ ಬಾಯಲ್ಲಿ ಅವಳು ಮರಳಕ್ಕ. ಹೊಗೆ ತುಂಬಿದ ಶೆಡ್ಡಿನಲ್ಲಿ ದೊಡ್ಡ ಬಾಣಲೆಯ ಮುಂದೆ ಕೂತಿದ್ದಳು. ಪೊಲೀಸರನ್ನು ಕಂಡರೂ ಕೈಯ ಸಟ್ಟುಗ ನಿಲ್ಲಲಿಲ್ಲ.

"ಕೋಲು ತೆಗೆದದ್ದು ಯಾರು?"

"ನಾನೇ."

"ಯಾಕೆ?"

"ಹಿತ್ತಾಳೆ ಅಲ್ವಾ. ಮಾರೋಣ ಅಂತ."

"ಮಾರೋರು ಸ್ಟೇಷನ್ನಲ್ಲೇ ಹೂತಿಡ್ತಾರಾ?"

ಅವಳು ಬಾಣಲೆಯ ಮರಳನ್ನು ಮಗುಚಿದಳು.

"ಕೋಲು ಸಿಕ್ಕಿದೆ. ಇನ್ನು ರೈಲು ಬಿಡ್ತಾರೆ."

ಸಟ್ಟುಗ ನಿಂತಿತು. "ಬಿಡಬೇಡಿ ಮೇಡಂ. ಮಂಜು ಕರಗೋವರೆಗಾದ್ರೂ ಬಿಡಬೇಡಿ."

ಅಷ್ಟರಲ್ಲಿ ಬಾಗಿಲ ಮುಂದೆ ಅವಳ ಗಂಡ ಲಾಟೀನು ಹಿಡಿದು ಹಾದುಹೋದ. "ಏ ಬ್ರೇಕಣ್ಣ, ನಿಲ್ಲಯ್ಯ!" ದಫೇದಾರ್ ಹಿಂದಿನಿಂದ ಕೂಗಿದ. ಅವನು ತಿರುಗಲಿಲ್ಲ.

"ನೋಡಿ ಮೇಡಂ, ಎಂಥ ಧಿಮಾಕು!"

ಇನ್ಸ್‌ಪೆಕ್ಟರಿಗೆ ಅದು ಧಿಮಾಕೆನಿಸಲಿಲ್ಲ. ಪ್ಲಾಟ್‌ಫಾರಂಗೆ ಬಂದು ಬ್ರೇಕಿನ ಕೆಲಸ ಹೇಗೆಂದು ವಿಚಾರಿಸಿದಳು. ಮೂರು ಡಬ್ಬಿಗೆ ಮೂವರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬ್ರೇಕಿನ ಚಕ್ರ. ಇಂಜಿನ್ ಒಮ್ಮೆ ಕೂಗಿದರೆ ಬಿಗಿಯಬೇಕು, ಎರಡು ಬಾರಿ ಕೂಗಿದರೆ ಸಡಿಲಿಸಬೇಕು. ಮೂವರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿ, ಡ್ರೈವರ್‌ಗೆ ಮಾತ್ರ ಗುಟ್ಟಾಗಿ ಹೇಳಿದಳು: "ಒಂದ್ಸಲ ಕೂಗಿಸಿ."

ಕೂಗು ಬೆಟ್ಟವನ್ನೇ ಸೀಳಿತು. ಮುಂದಿನ ಎರಡು ಡಬ್ಬಿಗಳಿಂದ ಚಕ್ರ ಬಿಗಿದ ಸದ್ದು ಮಂಜಿನೊಳಗಿಂದ ಕೇಳಿತು. ಅವಳೆದುರಿಗಿದ್ದ ಕೊನೆಯ ಡಬ್ಬಿಯವನು ಅಂಗಿಯ ಚುಂಗಿನಿಂದ ಲಾಟೀನಿನ ಗಾಜು ಒರೆಸುತ್ತಲೇ ಇದ್ದ. ತಿಳಿ ದಿನಗಳಲ್ಲಿ ಮುಂದಿನವನ ಕೈ ನೋಡಿ ತಿರುಗಿಸುತ್ತಿದ್ದನೇನೋ. ಇವತ್ತು ಮುಂದಿನ ಡಬ್ಬಿಯೇ ಕಾಣುತ್ತಿರಲಿಲ್ಲ.

ಅವಳು ಶೆಡ್ಡಿಗೆ ವಾಪಸು ಬಂದಳು. "ಎಷ್ಟು ದಿನದಿಂದ ಕೇಳಿಸ್ತಿಲ್ಲ ಅವರಿಗೆ?"

ಮರಳಕ್ಕ ಒಲೆಯನ್ನೇ ನೋಡಿದಳು. "ಎರಡು ವರ್ಷ. ಅದಕ್ಕೂ ಮೊದಲು ಇಂಜಿನ್‌ಗೆ ಅಂಟಿದ ಡಬ್ಬೀಲೇ ಇದ್ರು. ಆ ಕೂಗೇ ಕಿವಿ ತಿಂದ್ಬಿಡ್ತು."

"ಡಾಕ್ಟರ್ ಪರೀಕ್ಷೆ ಮಾಡಲ್ವಾ?"

"ವರ್ಷಾ ವರ್ಷಾ ಅವೇ ಪ್ರಶ್ನೆ ಕೇಳ್ತಾರೆ, ಪುಣ್ಯಾತ್ಮರು. ಉತ್ತರ ನಾನೇ ಬಾಯಿಪಾಠ ಮಾಡಿಸ್ತೀನಿ." ನಗಲು ಹೋದವಳ ಮುಖ ಮುರುಟಿತು. "ಮೊನ್ನೆ ಮಂಜಲ್ಲಿ ಅವರ ಡಬ್ಬಿ ಮುಂದಿನದಕ್ಕೆ ಗುದ್ದಿ ಒಂದು ಕೂಸಿನ ಹಣೆ ಒಡೀತು. ಗಾಲಿ ಜಾರಿದೆ ಅಂದ್ರು ಎಲ್ಲರೂ. ನನ್ನ ಮರಳು ಸರಿಯಾಗಿ ಒಣಗಿರಲಿಲ್ಲ ಅಂತ ಬೈದ್ರು, ಬೈಸ್ಕೊಂಡೆ. ಆ ತಿರುವಲ್ಲಿ ಬಂಡೆ ಮೇಲೆ ಹೆಸರು ಕೆತ್ತಿದಾರೆ, ನೋಡಿದೀರಾ? ಹಿಂದೆ ಉರುಳಿ ಸತ್ತೋರದು. ನಮ್ಮಜ್ಜನದೂ ಇದೆ."

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ತಾಯಿ?"

"ಹೇಳಿದ್ರೆ ಮನೇಲಿ ಕೂರಿಸ್ತಾರೆ. ಕಿವಿ ಹೋಯ್ತು, ರೈಲೂ ಹೋದ್ರೆ ಆ ಮನುಷ್ಯನಿಗೆ ಇನ್ನೇನಿದೆ? ಕಳ್ಳಿ ಅನ್ನೋದು ನನ್ನೊಬ್ಬಳ ತಲೆ ಮೇಲಿರ್ಲಿ. ಇದನ್ನ ಮಾತ್ರ ಬರೀಬೇಡಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ."

ಇನ್ಸ್‌ಪೆಕ್ಟರ್ ಹೊರಗೆ ನೋಡಿದಳು. ಜನ ಡಬ್ಬಿಗಳಲ್ಲಿ ಕೂತಾಗಿತ್ತು. ಕೊನೆಯ ಡಬ್ಬಿಯಲ್ಲಿ ಯಾರೋ ಮಗುವಿನ ಕುಲಾವಿ ಬಿಗಿದು ಕಟ್ಟುತ್ತಿದ್ದರು.

ಅವಳು ಬರೆದಳು.

ಒಂದೂವರೆಗೆ ಸ್ಟೇಷನ್ ಮಾಸ್ಟರ್ ಬ್ರೇಕಿನವನನ್ನು ಕೆಳಗಿಳಿಸಿ ಬೇರೊಬ್ಬನನ್ನು ಹತ್ತಿಸಿದರು. ಒಂದು ಮುಕ್ಕಾಲಿಗೆ ಕಳವು ಮತ್ತು ರೈಲು ಸಂಚಾರಕ್ಕೆ ಅಡ್ಡಿ ಮಾಡಿದ ಆರೋಪದ ಮೇಲೆ ಅವನ ಹೆಂಡತಿಯ ದಸ್ತಗಿರಿಯಾಯಿತು.

ಅವನು ಓಡಿಬಂದ. "ಏನಂತೆ? ಏನಂತಿದಾರೆ ಇವರು?" ಧ್ವನಿ ಎಷ್ಟು ಜೋರೆಂದು ಅವನಿಗೇ ಗೊತ್ತಿರಲಿಲ್ಲ.

ಅವಳು ಬೆಳಕಿನ ಕಡೆಗೆ ಮುಖ ತಿರುಗಿಸಿ ನಿಂತಳು, ತುಟಿ ಅವನಿಗೆ ಕಾಣುವಂತೆ. ಸದ್ದೇ ಇಲ್ಲದೆ, ಬಿಡಿಬಿಡಿಯಾಗಿ ಹೇಳಿದಳು. ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರಿಗೂ ಓದಲು ಬಂತು: ಊಟ ಮುಚ್ಚಿಟ್ಟಿದೀನಿ. ತಣ್ಣಗಾಗೋಕೆ ಮುಂಚೆ ಉಣ್ಣಿ.

ಠಾಣೆಯ ಕೇಸು ದಿನಚರಿಯಲ್ಲಿ 'ಉದ್ದೇಶ' ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ಒಂದೇ ಸಾಲು: ಗಂಡನಿಗೆ ಕಿವಿ ಕೇಳದೆಂಬುದು ಯಾರಿಗೂ ತಿಳಿಯಬಾರದು, ಯಾರೂ ಸಾಯಲೂ ಬಾರದು.

ಎರಡಕ್ಕೆ ಡ್ರೈವರ್ ಕೋಲು ಹಿಡಿದ. ಇಂಜಿನ್ ಕೂಗಿತು, ಪ್ಲಾಟ್‌ಫಾರಂನಲ್ಲಿದ್ದವರೆಲ್ಲ ಅತ್ತ ತಿರುಗಿದರು. ಒಬ್ಬ ಮಾತ್ರ ಠಾಣೆಯ ಜೀಪು ಹೋದ ದಾರಿಯನ್ನೇ ನೋಡುತ್ತಿದ್ದ. ಅವನ ಬೆನ್ನ ಹಿಂದೆ ರೈಲು ಇಳಿಜಾರಿಗೆ ಬಿತ್ತು, ಅವಳು ಬೆಳಿಗ್ಗೆ ಹುರಿದಿಟ್ಟ ಮರಳು ಹಳಿಯ ಮೇಲೆ ಸಣ್ಣಗೆ ಉದುರುತ್ತಾ ಹೋಯಿತು.