ಅವನು ಪಂದ್ಯ ನಿಲ್ಲಿಸಿದ ದಿನ

"ನನ್ನನ್ನ ತಳ್ಳಿ!"

ಅವಳು ಬೆಚ್ಚಿ ನೋಡಿದಳು. ಹೇಳಿದವನು ಎದುರಾಳಿಯಲ್ಲ... ರೆಫ್ರಿ!

ಸುತ್ತಲೂ ಮೂರು ಸಾವಿರ ಜನರ ಗದ್ದಲ. ತಲೆಯ ಮೇಲೆ ಕಣ್ಣು ಕುಕ್ಕುವ ದೀಪಗಳು. ಅವಳ ಜೀವನದ ಮೊದಲ ಕುಸ್ತಿ ಪಂದ್ಯವದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಪಟ್ಟುಗಳೆಲ್ಲ ರಿಂಗ್‌ಗೆ ಕಾಲಿಟ್ಟ ಕೂಡಲೇ ತಲೆಯಿಂದ ಹಾರಿಹೋಗಿದ್ದವು. ಎದುರಾಳಿ ನೆಲದ ಮೇಲೆ ಬಿದ್ದುಕೊಂಡು, ಮುಂದೇನು ಎಂದು ಕಾಯುತ್ತಿದ್ದಳು. ಜನ ಶಿಳ್ಳೆ ಹೊಡೆದು ಗೇಲಿ ಮಾಡಲು ಶುರುಮಾಡಿದ್ದರು.

'ಮುಂದೇನು? ದೇವರೇ... ಮುಂದೇನು?'

ಕಪ್ಪು ಬಿಳಿ ಪಟ್ಟೆ ಅಂಗಿ ತೊಟ್ಟ ರೆಫ್ರಿ ಬೈಯುವವನ ಹಾಗೆ ಬೆರಳು ಅಲ್ಲಾಡಿಸುತ್ತಾ ಮುಖದ ಹತ್ತಿರ ಬಂದಿದ್ದ. ಹೊರಗಿನವರಿಗೆ ಅದು ಜಗಳ. ಆದರೆ ಅವನ ದನಿ ಮೆತ್ತಗಿತ್ತು.

"ಮರೆತುಹೋಯ್ತಲ್ವಾ? ಪರವಾಗಿಲ್ಲ. ಸಿಟ್ಟು ಬಂದೋರ ಥರ ನನ್ನನ್ನ ತಳ್ಳಿ. ಜೋರಾಗಿ!"

ಅವಳು ತಳ್ಳಿದಳು.

ಅವನು ಹಗ್ಗದ ಮೇಲಿಂದ ಹಾರಿ, ಆಚೆ ಕಡೆಯ ಮೇಜಿನ ಮೇಲೆ ದೊಪ್ಪನೆ ಬಿದ್ದ!

ಸಭಾಂಗಣ ಕಿತ್ತುಹೋಗುವಂಥ ಬೊಬ್ಬೆ. ರೆಫ್ರಿಯನ್ನೇ ಎಸೆದ ಹೆಣ್ಣು! ಮರುದಿನದಿಂದ ಅವಳ ಹೆಸರು 'ಬಿರುಗಾಳಿ' ಎಂದಾಯಿತು. ಮನೆಯಲ್ಲಿ ಅಮ್ಮ ಮಾತ್ರ, ಆರಡಿ ಎತ್ತರದ ಮಗಳನ್ನು ಎಂದಿನಂತೆ 'ಪುಟ್ಟಿ' ಎಂದೇ ಕರೆಯುತ್ತಿದ್ದಳು.

ಪಂದ್ಯ ಮುಗಿದ ಮೇಲೆ ಅವಳು ಅಳುಮುಖ ಮಾಡಿಕೊಂಡು ಅವನನ್ನು ಹುಡುಕಿದಳು. ಅವನು ಪಕ್ಕೆಗೆ ಐಸ್ ಚೀಲ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ.

"ಸಾರಿ ಸರ್... ತುಂಬಾ ನೋವಾಯ್ತಾ?"

"ತಳ್ಳಿ ಅಂದ್ರೆ ತಳ್ಳೋದು ಕಣ್ರೀ. ಪಾರ್ಸೆಲ್ ಕಳಿಸೋದಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕ.

ಎಲ್ಲರೂ ಅವನನ್ನು 'ಪಟ್ಟೆ' ಎಂದೇ ಕರೆಯುತ್ತಿದ್ದರು. ಅವಳೂ ಹಾಗೇ ಕರೆದಳು.

ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ನಿಗದಿ. ಆದರೆ ಬೀಳುವುದು ನಿಜ, ಬಿದ್ದ ನೋವೂ ನಿಜ. ಏಳು ವರ್ಷ ಬಿರುಗಾಳಿ ಖಳನಾಯಕಿಯಾಗಿ ಊರೂರು ಸುತ್ತಿದಳು, ಜನರಿಂದ ಬೈಸಿಕೊಂಡಳು, ಸೋತಳು. ಆ ಏಳೂ ವರ್ಷ ರಿಂಗ್‌ನಲ್ಲಿ ಅವಳ ಕಿವಿಯ ಹತ್ತಿರ ಒಂದು ದನಿ ಇರುತ್ತಿತ್ತು.

"ಇನ್ನೆರಡೇ ನಿಮಿಷ... ಉಸಿರು ತಗೋ."

"ಮೂರನೇ ಸಾಲಲ್ಲಿ ಒಬ್ಬಜ್ಜಿ ನಿನಗೆ ಚಪ್ಪಲಿ ತೋರಿಸ್ತಿದ್ದಾರೆ. ಅಂದ್ರೆ ನೀನು ಗೆದ್ದೆ!"

ಬಸ್ಸಿನ ಕೊನೆಯ ಸೀಟಿನಲ್ಲಿ ಇಬ್ಬರೂ ಕೂತು ಹರಟುತ್ತಿದ್ದರು. ಅವಳು ನಿದ್ದೆಹೋದರೆ ಕುತ್ತಿಗೆ ವಾಲದಂತೆ ಅವನು ತನ್ನ ಚೀಲವನ್ನು ಒತ್ತಿಗಿಡುತ್ತಿದ್ದ. ತಮ್ಮ ನಡುವೆ ಇದ್ದುದಕ್ಕೆ ಇಬ್ಬರೂ ಹೆಸರಿಟ್ಟಿರಲಿಲ್ಲ. 'ಹೆಸರಿಟ್ಟರೆ ಎಲ್ಲಿ ಕಳೆದುಹೋಗುತ್ತೋ' ಎಂಬ ಭಯ ಅವಳಿಗೆ.

ಕೊನೆಗೂ ಅವಳ ದಿನ ಬಂತು. ದೊಡ್ಡ ಪಂದ್ಯ, ಟೀವಿಯಲ್ಲಿ ನೇರ ಪ್ರಸಾರ. ಅವಳು 'ಮಹಾರಾಣಿ'ಯನ್ನು ಸೋಲಿಸಿ ಚಾಂಪಿಯನ್ ಬೆಲ್ಟ್ ಗೆಲ್ಲಬೇಕೆಂದು ತೀರ್ಮಾನವಾಗಿತ್ತು. ಮಹಾರಾಣಿ ಎಂದರೆ ಕುಸ್ತಿ ಕಂಪನಿಯ ಮಾಲೀಕರ ತಮ್ಮನ ಮಗಳು. ಒಂದು ಪಂದ್ಯವನ್ನೂ ನೋಡದಿದ್ದ ಅಮ್ಮ ಅಂದು ಮೊದಲ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಹನ್ನೊಂದನೇ ನಿಮಿಷದಲ್ಲಿ ಬಿರುಗಾಳಿ ಬಿದ್ದಳು. ಸಾವಿರ ಸಲ ಬಿದ್ದವಳೇ. ಆದರೆ ಈ ಸಲ ಬೆನ್ನಿಗಿಂತ ಮೊದಲು ಕುತ್ತಿಗೆ ನೆಲ ಮುಟ್ಟಿತು.

ಅವನು ಪಕ್ಕದಲ್ಲಿ ಮಂಡಿಯೂರಿದ. "ನನ್ನ ಬೆರಳು ಹಿಡಿ."

ಬಲಗೈ ಹಿಡಿಯಿತು. ಎಡಗೈ... ಬರಲೇ ಇಲ್ಲ.

"ನಿಲ್ಲಿಸಬೇಡ," ಅವಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಇನ್ನೊಂದೇ ಪಟ್ಟು ಬಾಕಿ ಇದೆ. ಅಮ್ಮ ಬಂದಿದ್ದಾಳೆ. ಪಟ್ಟೆ, ನಿಂಗೆ ಕೈ ಮುಗೀತೀನಿ... ನಿಲ್ಲಿಸಬೇಡ!"

ಅವನು ಅವಳ ಮುಖವನ್ನೇ ನೋಡಿದ. ಎದ್ದು ನಿಂತ. ಎರಡೂ ಕೈ ಮೇಲೆತ್ತಿ ಅಡ್ಡಡ್ಡ ಹಿಡಿದ. ನಿಜವಾದ ಪೆಟ್ಟು, ಪಂದ್ಯ ಬಂದ್ ಎನ್ನುವ ಸನ್ನೆ ಅದು.

ಬೆಲ್ಟ್ ಮಹಾರಾಣಿಯ ಹತ್ತಿರವೇ ಉಳಿಯಿತು.

ಸ್ಟ್ರೆಚರ್ ಮೇಲೆ ಮಲಗಿದ್ದಾಗ ಯಾರೋ ಹೇಳಿದ್ದು ಅವಳ ಕಿವಿಗೆ ಬಿತ್ತು. "ಬೆಲ್ಟ್ ಮನೆಯಲ್ಲೇ ಇರಲಿ ಅಂತ ಮಾಲೀಕರೇ ನಿಲ್ಲಿಸಿದ್ದಂತೆ. ರೆಫ್ರಿ ಅವರ ಮನುಷ್ಯ ತಾನೆ!"

ಕುತ್ತಿಗೆಯ ನೋವಿಗಿಂತ ಆ ಮಾತು ಆಳಕ್ಕೆ ಇಳಿಯಿತು.

ಮರುದಿನ ಅವನು ಆಸ್ಪತ್ರೆಗೆ ಬಂದ. ಅವಳು ಗೋಡೆ ಕಡೆ ಮುಖ ಮಾಡಿದಳು.

"ಒಂದೇ ಒಂದು ಮಾತು ಕೇಳು..."

"ಹೋಗು."

"ಗಾಳಿ..."

"ಹೋಗು ಅಂದೆ! ಅಮ್ಮಾ, ಇವನ ಹೆಸರು ಇನ್ನೊಂದು ಸಲ ನಿನ್ನ ಬಾಯಲ್ಲಿ ಬಂದ್ರೆ ನಾನು ಊಟ ಮಾಡಲ್ಲ, ನೋಡ್ತಿರು!"

ಅವನು ಹೋದ. ಕುಸ್ತಿಯೂ ಹೋಯಿತು. ಇನ್ನು ಮುಂದೆ ರಿಂಗ್ ಹತ್ತುವ ಹಾಗಿಲ್ಲ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಎಂಟು ತಿಂಗಳ ನಂತರ ಒಂದು ಧಾರಾವಾಹಿಯವರು ಫೋನ್ ಮಾಡಿದರು. ಹೆಂಗಸರ ಜೈಲಿನ ಜೈಲರ್ ಪಾತ್ರ. "ಎತ್ತರ ಇದ್ರೆ ಸಾಕು, ನಾಲ್ಕೇ ಮಾತು," ಎಂದರು.

ಮೊದಲ ದಿನ ಅವಳು ಬಾಯಿ ತೆರೆದದ್ದೇ ತಡ, ಮೈಕ್ ಹಿಡಿದವನು ಕಿವಿ ಮುಚ್ಚಿಕೊಂಡ.

ನಿರ್ದೇಶಕಿ ಓಡಿಬಂದಳು. "ಅಮ್ಮಾ ತಾಯೀ! ಕ್ಯಾಮೆರಾ ಎರಡಡಿ ದೂರದಲ್ಲಿದೆ. ಕೊನೇ ಸಾಲಿನ ಜನ ಯಾರೂ ಇಲ್ಲ ಇಲ್ಲಿ. ಆ ಸಿಟ್ಟು ಇದೆಯಲ್ಲ, ಅದನ್ನ ಹೊರಗೆ ಬಿಡಬೇಡ. ನುಂಗು. ನುಂಗೋದನ್ನ ನಾವು ನೋಡ್ತೀವಿ."

ನುಂಗುವುದು... ಅದನ್ನು ಅವಳು ಎಂಟು ತಿಂಗಳಿನಿಂದ ಚೆನ್ನಾಗಿ ಕಲಿತಿದ್ದಳು!

ನಾಲ್ಕು ಮಾತಿನ ಜೈಲರ್ ನಾಲ್ಕು ನೂರು ಕಂತು ಬದುಕಿದಳು. ಹೆಂಗಸರು ಅಂಗಡಿಯಲ್ಲಿ ಅವಳನ್ನು ತಡೆದು, "ನಮ್ಮ ಜೈಲರಮ್ಮ!" ಎಂದು ಕೈ ಹಿಡಿದರು. ಆಮೇಲೆ ಸಿನಿಮಾ. ಮಾತು ಬಾರದ ಮಗನ ತಾಯಿಯ ಪಾತ್ರ. ಜನ ಅತ್ತರು. ಪತ್ರಿಕೆಯವರು ಮನೆಗೆ ಬಂದರು.

"ಯಾರನ್ನ ನೆನೆಸಿಕೊಳ್ತೀರಿ, ಮೇಡಂ?"

ಅಮ್ಮನನ್ನು ಹೇಳಿದಳು. ನಿರ್ದೇಶಕಿಯನ್ನು ಹೇಳಿದಳು. ಬೀಳಲು ಕಲಿಸಿದ ಮೇಷ್ಟ್ರನ್ನು, ಅವಳ ಅಳತೆಯ ಬಟ್ಟೆ ಹೊಲಿಯಲು ಹೆಣಗಾಡಿದ ದರ್ಜಿಯನ್ನೂ ಬಿಡಲಿಲ್ಲ. ಒಬ್ಬನನ್ನು ಮಾತ್ರ ಹೇಳಲಿಲ್ಲ.

ಅಂದು ಅವಳಿಗೆ ಯಾಕೋ ಊಟ ಸೇರಲಿಲ್ಲ.

ಪತ್ರಿಕೆ ಬಂದ ಮೂರನೇ ದಿನ, ಶೂಟಿಂಗ್ ಜಾಗಕ್ಕೆ ಒಬ್ಬಳು ಬಂದಳು. ಮಹಾರಾಣಿ! ಕಿರೀಟವಿಲ್ಲದೆ, ಸಾದಾ ಬಟ್ಟೆಯಲ್ಲಿ, ಅವಳು ಯಾರದೋ ಪಕ್ಕದ ಮನೆಯ ಅಕ್ಕನಂತೆ ಕಂಡಳು.

"ನಿನ್ನ ಸಿನಿಮಾ ನೋಡ್ದೆ. ಬಿಕ್ಕಿಬಿಕ್ಕಿ ಅತ್ತೆ, ಮಾರಾಯ್ತಿ," ಎಂದವಳು ಕುರ್ಚಿಯ ತುದಿಯಲ್ಲಿ ಕೂತಳು. "ಪತ್ರಿಕೆಯಲ್ಲಿ ಪಟ್ಟೆಯ ಸುದ್ದಿನೇ ಎತ್ತಿಲ್ಲ ನೀನು. ಯಾಕೆ?"

"ಯಾಕೆತ್ತಬೇಕು? ನಿಮ್ಮ ದೊಡ್ಡಪ್ಪ ಹೇಳಿದ ಹಾಗೆ ಕುಣಿದೋನು..."

"ಏನಂದೆ?" ಮಹಾರಾಣಿಯ ಮುಖ ಬಿಳುಪೇರಿತು. "ದೊಡ್ಡಪ್ಪ ನಿಲ್ಲಿಸು ಅಂದ್ರು ಅಂತ ತಿಳ್ಕೊಂಡಿದೀಯಾ? ಇಷ್ಟು ವರ್ಷ?"

ಅವಳು ತಡವರಿಸುತ್ತಾ ಹೇಳತೊಡಗಿದಳು.

"ಅವನ ಕಿವಿಯಲ್ಲಿ ಒಂದು ಯಂತ್ರ ಇರ್ತಿತ್ತಲ್ಲ, ಅದರಲ್ಲಿ ದೊಡ್ಡಪ್ಪ ಕಿರುಚ್ತಿದ್ದದ್ದು ನನಗೂ ಕೇಳಿಸ್ತಿತ್ತು. 'ಮುಂದುವರಿಸು! ನೇರ ಪ್ರಸಾರ ಕಣೋ, ನಿಲ್ಲಿಸಿದ್ರೆ ನಾಳೆಯಿಂದ ಬರಬೇಡ!' ಅಂತ. ಅವನು ಅದನ್ನ ಕಿತ್ತು ಬಿಸಾಕಿದ. ನಾನು ನಿನ್ನನ್ನ ಎತ್ತೋಕೆ ಅಂತ ಬಗ್ಗಿದ್ದೆ. ಎತ್ತಿ, ತಲೆಕೆಳಗೆ ಮಾಡಿ ಬೀಳಿಸಬೇಕಿತ್ತು, ಬಿದ್ದ ಕೂಡಲೇ ನೀನು ನನ್ನನ್ನ ಮಗುಚಿ ಗೆಲ್ಲಬೇಕಿತ್ತು, ನೆನಪಿದೆಯಾ? ಅವನು ನನ್ನ ಕೈ ಹಿಡಿದು, 'ಅವಳ ಎಡಗೈ ನೋಡು' ಅಂದ. ಅಷ್ಟೇ. ಅವತ್ತೇ ಅವನನ್ನ ಕೆಲಸದಿಂದ ತೆಗೆದ್ರು. ಬಾಯಿ ಬಿಟ್ರೆ ನನ್ನನ್ನೂ ಮನೆಗೆ ಕಳಿಸ್ತೀನಿ ಅಂದ್ರು ದೊಡ್ಡಪ್ಪ. ನಾನು ಹೆದರಿಬಿಟ್ಟೆ ಕಣೇ. ತಪ್ಪಾಯ್ತು."

ಬಿರುಗಾಳಿ ತನ್ನ ಎಡಗೈ ಎತ್ತಿ ನೋಡಿಕೊಂಡಳು.

'ಒಂದೇ ಒಂದು ಮಾತು ಕೇಳು ಅಂದಿದ್ದ. ಒಂದು ಮಾತು... ಅದನ್ನೂ ಕೇಳಲಿಲ್ಲವಲ್ಲ ನಾನು!'

ಮನೆಗೆ ಬಂದವಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಮಗುವಿನ ಹಾಗೆ ಅತ್ತಳು. ಎಲ್ಲವನ್ನೂ ಹೇಳಿದಳು. ಅಮ್ಮ ತಲೆ ಸವರುತ್ತಾ ಕೇಳಿದಳೇ ಹೊರತು ಒಂದಿಷ್ಟೂ ಆಶ್ಚರ್ಯಪಡಲಿಲ್ಲ.

"ನಿಂಗೆ... ಗೊತ್ತಿತ್ತಾ?"

"ಇನ್ನೊಂದು ಸಲ ಬಿದ್ದಿದ್ರೆ ಮಗಳು ಮತ್ತೆ ಏಳ್ತಿರಲಿಲ್ಲ ಅಂತ ಡಾಕ್ಟರ್ ನನ್ನ ಹತ್ರ ಹೇಳಿದ್ರು. ಆ ಹುಡುಗ ಮೂರು ದಿನ ಆಸ್ಪತ್ರೆ ಮೆಟ್ಟಿಲ ಮೇಲೇ ಕೂತಿದ್ದ, ಪುಟ್ಟಿ. ನಾನೇ ಕಾಫಿ ಕೊಟ್ಟು ಬರ್ತಿದ್ದೆ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?!"

"ಎಷ್ಟು ಸಲ ಬಾಯಿ ತೆಗೆದೆ! ಒಂದು ಸಲ ನೀನು ತಟ್ಟೆ ತಳ್ಳಿ ಎದ್ದುಹೋದೆ. ಇನ್ನೊಂದು ಸಲ ಎರಡು ದಿನ ಉಪವಾಸ. ಆಮೇಲೆ ಅವನೇ, 'ಬೇಡ ಅಮ್ಮಾ, ಅವಳು ಮೊದಲು ಹುಷಾರಾಗಲಿ' ಅಂದುಬಿಟ್ಟ."

"ಆಮೇಲೆ? ಅಂದ್ರೆ... ಆಮೇಲೂ ನೋಡಿದ್ಯಾ ಅವನನ್ನ? ಈಗ ಎಲ್ಲಿದ್ದಾನೆ?"

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಮೊಣಕಾಲು ನೋವಿಗೆ ಅಂತ ಎರಡು ವರ್ಷದಿಂದ ವಾರಕ್ಕೆರಡು ದಿನ ಈಜುಕೊಳಕ್ಕೆ ಹೋಗ್ತಿದ್ದೀನಿ. ಕಲಿಸೋ ಮೇಷ್ಟ್ರು ಯಾರು ಅಂತ ಒಂದು ದಿನನಾದ್ರೂ ಕೇಳಿದ್ಯೇನೇ ನೀನು?"

ಶುಕ್ರವಾರ ಬೆಳಿಗ್ಗೆ ಏಳೂವರೆ. ಗಾಜಿನ ಚಾವಣಿಯ ಈಜುಕೊಳ. ಕ್ಲೋರಿನ್ ವಾಸನೆ, ನೀಲಿ ನೀರಿನ ಮೇಲೆ ಎಳೆಬಿಸಿಲು. ರಬ್ಬರ್ ಟೋಪಿ ಹಾಕಿಕೊಂಡ ಎಂಟು ಹೆಂಗಸರು ಕಂಬಿ ಹಿಡಿದು ಕಾಲು ಬಡಿಯುತ್ತಿದ್ದರು. ಅವರಲ್ಲಿ ಅಮ್ಮನೂ ಒಬ್ಬಳು.

ದಡದಲ್ಲಿ ಬೆನ್ನು ತಿರುಗಿಸಿ ನಿಂತಿದ್ದವನ ಕೂದಲು ಅಲ್ಲಲ್ಲಿ ನರೆತಿತ್ತು.

"ಚಪ್ಪಲಿ ಹೊರಗಡೆ ಬಿಟ್ಟು ಬನ್ನಿ ಮೇಡಂ," ಎಂದ, ತಿರುಗದೆಯೇ.

ಅವಳು ಚಪ್ಪಲಿ ಬಿಟ್ಟು ಬಂದು ನಿಂತಳು. ಅವನು ತಿರುಗಿದ. ಕೈಯಲ್ಲಿದ್ದ ತೇಲುವ ಹಲಗೆ ಜಾರಿ ನೀರಿಗೆ ಬಿತ್ತು.

"ಅಯ್ಯೋ, ಜೈಲರಮ್ಮ!" ನೀರಿನಿಂದ ಯಾರೋ ಕೂಗಿದರು.

"ನನ್ನ ಮಗಳು," ಎಂದಳು ಅಮ್ಮ, ಏನೂ ಆಗದವಳ ಹಾಗೆ ಕಾಲು ಬಡಿಯುತ್ತಾ.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡೇ ಬಂದಿದ್ದಳು. ಪುಟಗಟ್ಟಲೆ ಸಂಭಾಷಣೆ ಒಪ್ಪಿಸುವ ನಟಿ. ಈಗ ಒಂದಕ್ಷರವೂ ಬಾಯಿಗೆ ಬರಲೊಲ್ಲದು!

"ಮಹಾರಾಣಿ ಎಲ್ಲಾ ಹೇಳಿದ್ಲು," ಎಂದಳು ಕೊನೆಗೆ. "ಕೆಲಸ ಹೋಯ್ತು ಅಂತ ಒಂದು ಕಾಗದನಾದ್ರೂ ಬರೀಬಾರದಿತ್ತಾ?"

"ಬರೆದಿದ್ರೆ ಋಣ ಅಂತ ನನ್ನ ಹತ್ರ ಬರ್ತಿದ್ದೆ. ನಂಗೆ ಅದು ಬೇಕಿರಲಿಲ್ಲ."

"ಮತ್ತೇನು ಬೇಕಿತ್ತು?"

ಅವನು ಬಗ್ಗಿ, ನೀರಿಗೆ ಬಿದ್ದ ಹಲಗೆಯನ್ನು ಎತ್ತಿ ದಡದಲ್ಲಿಟ್ಟ. ನೀರಿನಲ್ಲಿ ಕಾಲು ಬಡಿಯುವ ಸದ್ದು ನಿಂತೇಹೋಗಿತ್ತು. ಎಂಟೂ ಟೋಪಿಗಳು ದಡದ ಹತ್ತಿರ ಸಾಲಾಗಿ ನಿಂತಿದ್ದವು.

"ಹೇಳೋದಿದ್ರೆ ಬೇಗ ಹೇಳಪ್ಪಾ," ಎಂದರು ಅವರಲ್ಲಿ ಹಿರಿಯರಾದ ನಿವೃತ್ತ ಹೆಡ್‌ಮಿಸ್. "ನೀರು ತಣ್ಣಗಿದೆ!"

ಅವನಿಗೆ ನಗು ಬಂತು. ಕಣ್ಣೂ ತುಂಬಿತು.

"ಪಂದ್ಯ ನಿಲ್ಲಿಸಿದ್ದು ರೆಫ್ರಿಯಾಗಿ. ನಿನ್ನ ಜಾಗದಲ್ಲಿ ಯಾರಿದ್ರೂ ನಿಲ್ಲಿಸ್ತಿದ್ದೆ," ಎಂದ ಮೆಲ್ಲಗೆ. "ಆದ್ರೆ ಆಮೇಲೆ ಮೂರು ದಿನ ಮೆಟ್ಟಿಲ ಮೇಲೆ ಕೂತಿದ್ದೆನಲ್ಲ... ಅದು ರೆಫ್ರಿಯಾಗಿ ಅಲ್ಲ."

ಅವಳು ಎರಡೂ ಕೈ ಮುಂದೆ ಚಾಚಿದಳು. ಎಡಗೈಯ ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದಳು.

"ಬೆಳಿಗ್ಗೆ ಎದ್ದು ನನ್ನ ಜಡೆ ನಾನೇ ಹಾಕ್ಕೊಳ್ತೀನಿ. ಅಮ್ಮನ ಬೆನ್ನಿಗೆ ಎಣ್ಣೆ ತಿಕ್ತೀನಿ. ಕ್ಯಾಮೆರಾ ಮುಂದೆ ಮಗನ ಪಾತ್ರದ ಹುಡುಗನ್ನ ಎತ್ಕೊಂಡು ಓಡಿದೆ, ನೋಡಿದ್ಯಾ?"

"ಆರು ಸಲ ನೋಡ್ದೆ. ಮೂರನೇ ವಾರದಲ್ಲಿ ಟಿಕೆಟ್ ಹರಿಯೋನು ಕೂಡ ನನ್ನ ನೋಡಿ ನಗೋಕೆ ಶುರುಮಾಡಿದ."

"ಅದೆಲ್ಲ ನೀನು ಉಳಿಸಿದ್ದು, ಪಟ್ಟೆ. ದಿನಾ ಅದರಲ್ಲೇ ಬದುಕ್ತಿದ್ದೆ, ಆದ್ರೆ ಯಾರಿಂದ ಅಂತ ಗೊತ್ತಿರಲಿಲ್ಲ. ಅಷ್ಟೂ ದಿನದ್ದು ಸೇರಿಸಿ ಇವತ್ತು ಹೇಳ್ತಿದ್ದೀನಿ... ಥ್ಯಾಂಕ್ಸ್. ಆ ದಿನ ಗೋಡೆ ಕಡೆ ತಿರುಗಿದ್ದಕ್ಕೆ ನನ್ನನ್ನ ಕ್ಷಮಿಸಿಬಿಡು. ಇನ್ನೊಂದು ಮಾತು. ಇದು ಋಣಕ್ಕೆ ಹೇಳ್ತಿಲ್ಲ. ಬಸ್ಸಿನ ಕೊನೇ ಸೀಟಲ್ಲೇ ಹೇಳಬೇಕಿತ್ತು. ನೀನಂದ್ರೆ ನಂಗೆ ಪ್ರಾಣ ಕಣೋ."

ಅವನು ಚಾಚಿದ ಆ ಎರಡೂ ಕೈಗಳನ್ನು ತನ್ನ ಒದ್ದೆ ಅಂಗೈಗಳಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡ.

ನೀರಿನಲ್ಲಿ ಯಾರೋ ಮೂಗು ಸೀಟಿಕೊಂಡರು. ಹೆಡ್‌ಮಿಸ್ ಇರಬೇಕು. ಅಮ್ಮ ಮಾತ್ರ ಅತ್ತ ತಿರುಗಿ, ಮತ್ತೆ ಜೋರಾಗಿ ಕಾಲು ಬಡಿಯತೊಡಗಿದ್ದಳು.

"ನಂಗೂ ಈಜು ಕಲಿಸ್ತೀಯಾ?" ಅವಳು ಕಣ್ಣೊರೆಸಿಕೊಂಡು ಕೇಳಿದಳು. "ಎಷ್ಟು ದಿನ ಹಿಡಿಯುತ್ತೆ?"

"ಭಯ ಇಲ್ಲದೋರಿಗೆ ಮೂರು ವಾರ."

"ಭಯ ಇದ್ದೋರಿಗೆ?"

"ನಿಂಗೆಂಥ ಭಯ?"

"ನೀನು ಮತ್ತೆ ಎಲ್ಲಾದ್ರೂ ಹೋಗಿಬಿಟ್ರೆ ಅಂತ."

ಅವನು ಕೈ ಬಿಡಲಿಲ್ಲ. "ಹಾಗಿದ್ರೆ ಜನ್ಮಪೂರ್ತಿ ಹಿಡಿಯುತ್ತೆ."

"ಆಗಲಿ. ಶೂಟಿಂಗ್ ಇಲ್ಲದ ದಿನವೆಲ್ಲಾ ಬರ್ತೀನಿ."

"ಶೂಟಿಂಗ್ ಇರೋ ದಿನ?"

"ಆ ದಿನ ನೀನು ಬಾ."