ಕಿಟಕಿಯ ಹೆಂಗಸಿನ ಜುಮ್ಕಿ

"ಬಾಡಿಗೆ ಪುಸ್ತಕ ಅಂದ್ರೆ ನಿಮ್ಮಪ್ಪನ ಮನೆ ಗೋಡೆ ಅಂದ್ಕೊಂಡ್ರಾ, ಗೀಚೋಕೆ?"

ಮನ್ಸೂರ್ ಅಲಿ ಕಾಮಿಕ್ಸನ್ನು ಮೇಜಿನ ಮೇಲೆ ಬಡಿದ. ಧೂಳೆದ್ದಿತು. ಎದುರಿಗೆ ನಿಂತಿದ್ದ ಹುಡುಗಿ ದುಪಟ್ಟಾದ ತುದಿಯಿಂದ ಮೂಗು ಮುಚ್ಚಿಕೊಂಡು, ಧೂಳು ಕೂರುವವರೆಗೆ ಕಾದು, ಆಮೇಲೆ ಬಾಯಿಬಿಟ್ಟಳು.

"ಗೀಚಿಲ್ಲ. ಗುರುತು ಹಾಕಿದೀನಿ. ಓದಿರೋ ಪುಸ್ತಕಾನೇ ಮತ್ತೆ ತಗೊಂಡು ಹೋಗಬಾರದಲ್ಲ."

ಗುರುತು ಹಾಕುವುದು ಮನ್ಸೂರನಿಗೆ ಹೊಸದಲ್ಲ. ತುಮಕೂರಿನ ಆ ಅಂಗಡಿ ಅವನ ಮಾಮುವಿನದು. ಹಿಂದುಗಡೆ ರದ್ದಿ, ಮುಂದುಗಡೆ ಬಾಡಿಗೆ ಪುಸ್ತಕ. ಕಾದಂಬರಿ ಒಯ್ಯುವ ಹೆಂಗಸರೆಲ್ಲ ಯಾವುದೋ ಪುಟದ ಅಂಚಿನಲ್ಲಿ ತಮ್ಮದೊಂದು ಗುರುತು ಬಿಡುತ್ತಿದ್ದರು. ಒಬ್ಬರದು ಸೊನ್ನೆ, ಒಬ್ಬರದು ನಕ್ಷತ್ರ, ನರ್ಸ್ ಹನುಮಕ್ಕನದು ಸಣ್ಣದೊಂದು ಸೂಜಿ. ಇವಳ ಗುರುತು ಅಂಚಿನಲ್ಲಿರಲಿಲ್ಲ. ಕಥೆಯ ಕೊನೆಯ ಚಿತ್ರದಲ್ಲಿ, ರಾಕೆಟ್ಟಿನೊಳಗೆ ನಿಂತ ಬಿಳೀ ಹೆಂಗಸಿನ ಕಿವಿಗೆ, ಕಪ್ಪು ಶಾಯಿಯಲ್ಲಿ ಒಂದು ಜುಮ್ಕಿ ಬರೆದುಬಿಟ್ಟಿದ್ದಳು.

ಮನ್ಸೂರ್ ಚಿತ್ರದಿಂದ ಕಣ್ಣೆತ್ತಿ ಅವಳ ಕಿವಿ ನೋಡಿದ. ಅದೇ ಜುಮ್ಕಿ. ಹಳೇ ಬೆಳ್ಳಿ, ಕೆಳಗೆ ಗೊಂಚಲು ಮಣಿ. ನಡುವೆ ಒಂದು ಮಣಿ ಉದುರಿಹೋಗಿತ್ತು. ಚಿತ್ರದಲ್ಲೂ ಉದುರಿತ್ತು.

"ಏನ್ ನೋಡ್ತಿದೀರಾ?"

"ಮಣಿ ಬಿದ್ದೋಗಿದೆ."

"ನಮ್ಮ ದಾದಿದು, ಅಬ್ಬಾನ ಅಮ್ಮಂದು. ಬಿದ್ದಿದ್ದು ಬಿದ್ದ ಹಾಗೇ ಇರಲಿ, ಇಲ್ಲದಿದ್ರೆ ನಂದು ಅಂತ ಹೇಗೆ ಗೊತ್ತಾಗುತ್ತೆ ಅಂತಾಳೆ."

ಅವಳು ನಕ್ಕಳು. ಮನ್ಸೂರನ ಸಿಟ್ಟಿಗೆ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ಅದಕ್ಕೆ ಅಂಥ ಅಭ್ಯಾಸವೇ ಇರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಕಿತ್ತು ಮುರಿದು ಹೊರಬಿದ್ದವನು ಅವನು. ಆವತ್ತಿನಿಂದ ಆ ಸಿಟ್ಟು ಇಳಿದದ್ದೇ ಇಲ್ಲ.

ಅವಳ ಹೆಸರು ಜಮಾಲುನ್ನೀಸಾ. ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ತುಮಕೂರಿನಲ್ಲಿ ಟೀಚರ್ಸ್ ಟ್ರೈನಿಂಗ್ ಓದುತ್ತಿದ್ದಳು. ಅದು ಎಪ್ಪತ್ತೇಳನೇ ಇಸವಿ. ಬೆಂಗಳೂರಿನಿಂದ ತೂಕದ ಲೆಕ್ಕದಲ್ಲಿ ಬರುತ್ತಿದ್ದ ರದ್ದಿ ಮೂಟೆಗಳಲ್ಲಿ ಅಮೆರಿಕದ ಹಳೆಯ ಕಾಮಿಕ್ಸುಗಳೂ ಇರುತ್ತಿದ್ದವು. ಒಂದು ಪುಸ್ತಕಕ್ಕೆ ನಾಲ್ಕೈದು ಕಥೆ. ಒಂದರ ಹೀರೋ ಇನ್ನೊಂದಕ್ಕೆ ಬರುವಂತಿಲ್ಲ, ಹೆಚ್ಚಿನವರು ಕೊನೆಯ ಪುಟದೊಳಗೆ ಸತ್ತಿರುತ್ತಿದ್ದರು. ಹಸಿರು ಆಕಾಶ, ಎರಡು ಚಂದ್ರ, ಗಾಜಿನ ಟೋಪಿ ಹಾಕಿಕೊಂಡ ಜನ.

ಮನ್ಸೂರನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ತಾನೇ ಕಥೆ ಕಟ್ಟಿಕೊಳ್ಳುತ್ತಿದ್ದ. ಜಮಾಲು ಪುಸ್ತಕ ವಾಪಸ್ ತಂದಾಗ ನಿಜವಾದ ಕಥೆ ಹೇಳುತ್ತಿದ್ದಳು.

"ಇವನು ಅವಳನ್ನ ಕಾಪಾಡ್ತಾನೆ ತಾನೇ?"

"ಇಲ್ಲ. ಇವನೇ ಆ ಗ್ರಹದ ಭೂತ. ಅವಳಿಗೆ ಕೊನೇವರೆಗೂ ಗೊತ್ತಾಗಲ್ಲ."

"ಥೂ. ನನ್ನ ಕಥೇನೇ ವಾಸಿ."

"ನಿಮ್ಮ ಕಥೇಲಿ ಎಲ್ಲರೂ ಬದುಕ್ತಾರೆ. ಅಷ್ಟು ಸಿಟ್ಟಿರೋರಿಗೆ ಅಷ್ಟು ಮೆತ್ತಗಿನ ಕಥೆ ಎಲ್ಲಿಂದ ಬರುತ್ತೆ?"

ಹಾಗೆನ್ನುವಾಗ ಅವಳ ಕಣ್ಣು ಅವನ ಕಿವಿಯ ಮೇಲಿದ್ದ ಪೆನ್ಸಿಲ್ಲಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅವನು ಸದಾ ಅಲ್ಲಿ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿರುತ್ತಿದ್ದ. ಆ ಕಡೆಯ ಕಿವಿ ಅವಳು ಹೋದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತಿತ್ತು.

ಒಂದು ದಿನ ಅವನು ಅವಳಿಗೆಂದೇ ಮುಚ್ಚಿಟ್ಟಿದ್ದ ಪುಸ್ತಕ ಕೊಟ್ಟ. ಕಡೆಯ ಕಥೆಯಲ್ಲಿ ಚುಕ್ಕಿಗಳ ನಡುವೆ ಒಂದು ಒಂಟಿ ಮನೆ, ಮನೆಗೊಂದು ಕಿಟಕಿ, ಕಿಟಕಿಯಲ್ಲಿ ಒಬ್ಬ ಹೆಂಗಸು. ಗಾಜಿನ ಟೋಪಿಯವನೊಬ್ಬ ಅವಳ ಕಡೆ ಬರುತ್ತಲೇ ಇದ್ದ. ಕೊನೆಯ ಚಿತ್ರದಲ್ಲಿ ಬಾಗಿಲ ಮುಂದೆ ನಿಂತಿದ್ದ.

"ಇವನು ಒಳಗೆ ಹೋಗ್ತಾನಾ?"

"ಓದಿ ಬಂದು ಹೇಳ್ತೀನಿ."

ಅವಳು ಬರಲಿಲ್ಲ.

ವಾರಗಳು ಕಳೆದ ಮೇಲೆ ಮನ್ಸೂರ್ ಗುಬ್ಬಿಗೆ ಹೋದ. ಜಮಾಲುವಿನ ಅಪ್ಪ ಅಹಮದ್ ಪಾಷಾ ಕೊಬ್ಬರಿ ಮಂಡಿಯ ಮೆಟ್ಟಿಲ ಮೇಲೆ ನಿಂತು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅವನ ಮೊಣಕೈಗೆ ರದ್ದಿಯ ಮಸಿ ಮೆತ್ತಿಕೊಂಡಿತ್ತು.

"ರದ್ದಿ ಅಂಗಡಿಯವನು ನೀನೇನಾ? ಜ್ವರ ಬಂದಿತ್ತು. ಹೋಗ್ಬಿಟ್ಲು. ನೋಡ್ಬೇಕು ಅಂದ್ರೆ ಕಬರಸ್ತಾನಕ್ಕೆ ಹೋಗು. ಹುಣಸೆಮರದ ಕೆಳಗೆ, ಹೊಸ ಮಣ್ಣು."

ಹುಣಸೆಮರದ ಕೆಳಗೆ ಮಣ್ಣು ನಿಜವಾಗಿಯೂ ಹೊಸದಾಗಿತ್ತು. ಮನ್ಸೂರ್ ಅಲ್ಲಿ ಕೂತ. ಅಳು ಬರಲಿಲ್ಲ. ಒಂದು ಮಣ್ಣುಹೆಂಟೆ ಎತ್ತಿಕೊಂಡು ಪುಡಿಯಾಗುವವರೆಗೆ ಹಿಸುಕಿದ.

ಊರಿಗೆ ಬಂದು, ಜುಮ್ಕಿ ಇದ್ದ ಪುಸ್ತಕಗಳನ್ನೆಲ್ಲ ಹುಡುಕಿ ಕಟ್ಟು ಕಟ್ಟಿ, ಮೊದಲು ಬಂದ ರದ್ದಿ ವ್ಯಾಪಾರಿಯ ಗಾಡಿಗೆ ಎಸೆದ. ಆ ಚಿತ್ರಗಳ ಹೆಂಗಸರು ತಲೆ ಆಡಿಸಿದರೆ ಅಂಗಡಿಯಲ್ಲಿ ಜುಮ್ಕಿ ಸದ್ದಾಗುತ್ತದೆಂದು ಅವನಿಗೆ ಅನ್ನಿಸತೊಡಗಿತ್ತು. ಆದರೆ ಶುಕ್ರವಾರ ಗುಬ್ಬಿಗೆ ಹೋಗಿ ಆ ಮಣ್ಣಿನ ಮೇಲೆ ಮಲ್ಲಿಗೆ ಹಾಕಿ ಬರುವುದನ್ನು ಬಿಡಲಾಗಲಿಲ್ಲ. ವರ್ಷಗಳು ಹಾಗೇ ಹೋದವು. ಮಾಮು ಹೆಣ್ಣು ನೋಡಿದಾಗಲೆಲ್ಲ ಜಗಳವಾಯಿತು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಪುಸ್ತಕದ ಏಜೆಂಟ್ ವೀರಭದ್ರಯ್ಯ ಹೊಸ ಕಟ್ಟೊಂದನ್ನು ತಂದು ಕುಕ್ಕಿದ.

"ರೀಪ್ರಿಂಟು ಕಣಯ್ಯಾ. ನಿಮ್ಮ ಅಮೆರಿಕದ ಭೂತದ ಕಥೆಗಳೇ. ಕಲರ್ ಇಲ್ಲ, ಕಾಗದ ಕಡಿಮೆದು. ಹುಡುಗರು ಓದ್ತಾರೆ, ಇಟ್ಕೋ."

ವೀರಭದ್ರಯ್ಯ ತಿರುವಿನ ಹೋಟೆಲಿಗೆ ಊಟಕ್ಕೆ ಹೋದ. ಮಧ್ಯಾಹ್ನದ ಬೀದಿ ಖಾಲಿಯಾಗಿತ್ತು. ಮನ್ಸೂರ್ ಒಂದು ಪ್ರತಿ ಬಿಡಿಸಿ, ಸುಮ್ಮನೆ ಹಾಳೆ ಮಗುಚುತ್ತ ಹೋದ. ಚುಕ್ಕಿಗಳು. ಒಂಟಿ ಮನೆ. ಕಿಟಕಿ.

ಕಿಟಕಿಯ ಹೆಂಗಸಿನ ಕಿವಿಯಲ್ಲಿ ಜುಮ್ಕಿ ಇತ್ತು. ನಡುವಿನ ಮಣಿ ಇರಲಿಲ್ಲ.

ಅವನು ಬೆರಳಿಗೆ ಉಗುಳು ಹಚ್ಚಿ ಉಜ್ಜಿದ. ಅಳಿಸಲಿಲ್ಲ. ಇನ್ನೊಂದು ಪ್ರತಿ ತೆಗೆದ. ಅಲ್ಲೂ ಜುಮ್ಕಿ. ಕಟ್ಟಿನ ಹಗ್ಗ ಹಲ್ಲಿನಿಂದ ಕಿತ್ತು ಎಲ್ಲ ಪ್ರತಿಗಳನ್ನೂ ಮೇಜಿನ ತುಂಬ ಬಿಚ್ಚಿ ಹರಡಿದ. ಪ್ರತಿ ಕಿಟಕಿಯಿಂದಲೂ ಅವಳು ನೋಡುತ್ತಿದ್ದಳು. ಮಣ್ಣೊಳಗಿದ್ದವಳು ಎಲ್ಲ ಪುಸ್ತಕಗಳಲ್ಲೂ ಒಂದೇ ಏಟಿಗೆ ಗುರುತು ಹಾಕಿದ್ದಳು.

ಆಗ ಚಿತ್ರದ ಬಾಗಿಲ ಮುಂದಿನ ಗಂಡಸನ್ನು ನೋಡಿದ. ಗಾಜಿನ ಟೋಪಿಯೊಳಗೆ, ಕಿವಿಯ ಮೇಲೆ, ಒಂದು ಮೋಟು ಪೆನ್ಸಿಲ್.

"ವೀರಭದ್ರಯ್ಯನೋರೇ!" ಬೀದಿಯ ತಿರುವಿನವರೆಗೆ ಓಡಿ ಅವನ ತೋಳು ಹಿಡಿದುಕೊಂಡ. "ಇದನ್ನ ಹೇಗೆ ಅಚ್ಚು ಹಾಕ್ತಾರೆ?"

"ಹಳೇ ಪುಸ್ತಕಾನೇ ಕ್ಯಾಮೆರಾದಲ್ಲಿ ಹೊಡೀತಾರೆ, ಪ್ಲೇಟ್ ಮಾಡ್ತಾರೆ. ಅದರ ಮೇಲೆ ನೊಣ ಕೂತಿದ್ರೆ ನೊಣಾನೂ ಬರುತ್ತೆ. ಕೈ ಬಿಡಯ್ಯಾ."

"ಈ ಹಳೇ ಪುಸ್ತಕ ಎಲ್ಲಿ ಸಿಕ್ತು?"

"ಪ್ರೆಸ್ಸಿನವರಿಗೆ ನಾನೇ ತಂದು ಕೊಟ್ಟಿದ್ದು, ಕುಣಿಗಲ್‌ನಿಂದ. ಕೆರೆ ಏರಿ ಹತ್ರ ಒಬ್ಬಳು ಹುಡುಗಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ತಾಳೆ. ಎಲ್ಲೆಲ್ಲಿ ಮಾರ್ತೀರಿ, ತುಮಕೂರಿಗೂ ಹೋಗುತ್ತಾ ಅಂತ ಕೇಳಿದ್ಲು. ಒಂದು ನಿಮಿಷ ಇರಿ ಅಂತ ಒಳಗೆ ಹೋಗಿ, ಶಾಯಿ ಆರೋವರೆಗೂ ಊದ್ಕೊಂಡು ತಂದ್ಕೊಟ್ಲು."

ಮಂಗಳವಾರ ಬೆಳಿಗ್ಗೆ ಮನ್ಸೂರ್ ಕುಣಿಗಲ್‌ನ ಆ ಬಾಗಿಲ ಮುಂದೆ ನಿಂತಿದ್ದ. ತಟ್ಟಲು ಕೈ ಏಳಲಿಲ್ಲ. ಆ ಕಥೆಗಳಲ್ಲಿ ಬಾಗಿಲು ತಟ್ಟಿದವರಿಗೆ ಏನಾಗುತ್ತಿತ್ತೆಂದು ಅವನಿಗೆ ಗೊತ್ತಿತ್ತು.

ಕಿಟಕಿ ತೆರೆಯಿತು.

ಮುಖ ಸ್ವಲ್ಪ ಸೊರಗಿತ್ತು. ಜುಮ್ಕಿ ಅದೇ.

"ತುಂಬಾ ಲೇಟಾಗಿ ಬಂದ್ರಿ," ಅಂದಳು ಜಮಾಲು.

"ನೀನು ಸತ್ತಿದೀಯ ಅಂದ್ರು." ಅವನು ಕಿಟಕಿಯ ಹತ್ತಿರಕ್ಕೆ ಬಂದ. "ಗೋರಿ ತೋರಿಸಿದ್ರು. ನಾನು ಮಲ್ಲಿಗೆ ಹಾಕ್ತಾ ಇದೀನಿ ಕಣೇ, ಇವತ್ತಿನವರೆಗೂ."

ಅವಳ ಬೆರಳು ಸರಳನ್ನು ಬಿಗಿಯಾಗಿ ಹಿಡಿಯಿತು. "ಎಲ್ಲಿ?"

"ಹುಣಸೆಮರದ ಕೆಳಗೆ."

"ಅದು ದಾದಿ," ಅಂದಳು ಮೆಲ್ಲಗೆ. "ದಾದಿ ತೀರಿಹೋದ ವಾರದಲ್ಲೇ ಅಬ್ಬಾ ನನ್ನ ನಿಕಾಹ್ ಇಟ್ಟಿದ್ರು. ಕಬೂಲಾ, ಒಪ್ಪಿಗೆನಾ ಅಂತ ಮೂರು ಸಲ ಕೇಳಿದ್ರು. ಮೂರು ಸಲಾನೂ ನಾನು ಬಾಯಿ ಬಿಡಲಿಲ್ಲ. ಬಂದೋರೆಲ್ಲ ಎದ್ದು ಹೋದ್ರು. ಆವತ್ತೇ ತಂದು ಇಲ್ಲಿ ಅಮ್ಮನ ತಂಗಿ, ಖಾಲಾ ಮನೇಲಿ ಬಿಟ್ರು."

"ಒಂದು ಮಾತು ಹೇಳಿ ಕಳಿಸೋಕೆ ಆಗ್ಲಿಲ್ವಾ?"

"ಕಳಿಸೋಣ ಅಂತಾನೇ ಇದ್ದೆ. ಅಷ್ಟರಲ್ಲಿ ಕಡ್ಲೆಕಾಯಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದ್ರೆ ಆ ಹಾಳೇಲಿ ನಾನೇ ಬರೆದ ಜುಮ್ಕಿ. ನನ್ನನ್ನ ರದ್ದಿಗೆ ಹಾಕಿದ್ರಲ್ಲ, ಯಾವ ಮುಖ ಇಟ್ಕೊಂಡು ಹೇಳಿ ಕಳಿಸಲಿ?"

ಮನ್ಸೂರ್ ತಲೆ ತಗ್ಗಿಸಿದ. ಜಗತ್ತಿನ ಮೇಲಿನ ಸಿಟ್ಟೆಲ್ಲ ಅವತ್ತು ಮೊದಲ ಬಾರಿಗೆ ಅವನ ಕಡೆಗೇ ತಿರುಗಿತು. ಚೀಲದಿಂದ ರೀಪ್ರಿಂಟ್ ತೆಗೆದು ಸರಳಿನ ನಡುವೆ ಚಾಚಿದ.

"ಎಂಡಿಂಗ್ ಹೇಳ್ತೀನಿ ಅಂದಿದ್ದೆಯಲ್ಲ."

"ಅವಳು ಸತ್ತು ಬಹಳ ಕಾಲ ಆಗಿರುತ್ತೆ. ಅವನೂ ದಾರೀಲೇ ಸತ್ತಿರ್ತಾನೆ. ಇಬ್ಬರಿಗೂ ಗೊತ್ತಿಲ್ಲ. ಬಾಗಿಲ ಆಚೆ ಅವನು, ಈಚೆ ಅವಳು. ಅಲ್ಲಿಗೆ ಮುಗೀತು." ಅವಳು ಅವನ ಕಿವಿಯ ಮೇಲಿನ ಪೆನ್ಸಿಲ್ ನೋಡಿದಳು. "ನನಗೆ ಇಷ್ಟ ಆಗ್ಲಿಲ್ಲ. ಅದಕ್ಕೇ ಅವನಿಗೆ ಈ ಪೆನ್ಸಿಲ್ ಬರೆದೆ. ಇನ್ನು ಇವನು ಎಲ್ಲರನ್ನೂ ಬದುಕಿಸೋ ಕಥೆಯವನು ತಾನೇ?"

"ಇಷ್ಟು ವರ್ಷ ಆದ್ಮೇಲೆ ಈಗ ಯಾಕೆ ಬರೆದೆ?"

ಅವಳು ಒಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಹೇಳಿದ್ರೆ ನಗ್ತೀರಾ. ಈ ಮನೇಲಿ ಹೂವಿನ ಗಿಡ ಇಲ್ಲ, ಖಾಲಾ ಮುಡಿಯೋರೂ ಅಲ್ಲ. ಆದ್ರೂ ಶುಕ್ರವಾರ ಬಂದ್ರೆ ನನ್ನ ರೂಮಲ್ಲಿ ಮಲ್ಲಿಗೆ ವಾಸನೆ. ಖಾಲಾ ತಾಯಿತ ಕಟ್ಟಿಸಿದ್ರು. ನನಗೆ ಮಾತ್ರ ಯಾರೋ ನನ್ನನ್ನ ಮರೆತಿಲ್ಲ ಅನ್ನಿಸ್ತಾ ಇತ್ತು."

ಅವನು ನಗಲಿಲ್ಲ.

ಚಿಲಕ ಸರಿಯಿತು. ಬಾಗಿಲು ತೆರೆದು ಅವಳು ಹೊಸ್ತಿಲ ಈಚೆಗೆ ನಿಂತಳು. ಅವನು ಆಚೆ ನಿಂತಿದ್ದ. ಒಳಗಿನಿಂದ ಖಾಲಾ ಖುರ್ಷಿದಾ ಬೇಗಂ ಅವರ ಗಾಬರಿಯ ದನಿ ಕೇಳಿತು.

"ಜಮಾಲೂ, ಮತ್ತೆ ಬರ್ತಿದೆ ಕಣೇ ಮಲ್ಲಿಗೆ ವಾಸನೆ. ಇವತ್ತು ಮಂಗಳವಾರ ಅಲ್ವಾ?"

ಜಮಾಲು ಅವನ ಕೈಗಳನ್ನು ನೋಡಿದಳು. ಪುಸ್ತಕ ಬಿಟ್ಟರೆ ಅವು ಖಾಲಿ.

"ಒಳಗೆ ಬನ್ನಿ," ಅಂದಳು. ಜುಮ್ಕಿ ಅಲುಗಿತು. "ನೀವು ಹಾಕಿದ ಮಲ್ಲಿಗೆ ಮುಡ್ಕೊಂಡು ದಾದಿನೂ ಬಂದಿದ್ದಾಳೆ."